ಹಳೆಯ ಲಾರಿಗೆ ಬೆಲೆ ಕಟ್ಟುವವರು ಯಾರು?

ದೊಡ್ಡ ಸಾಗಣೆ ಕಂಪನಿಗೆ ಹಳೆಯ ಲಾರಿ ಎಂದರೆ ಲೆಕ್ಕದ ಪುಸ್ತಕದಿಂದ ಕಳೆದುಹಾಕಬೇಕಾದ ಒಂದು ಬಾಬತ್ತು. ಹತ್ತಾರು ವರ್ಷ ಧಣಿಯ ಗಾಡಿ ಓಡಿಸಿದ ಚಾಲಕನಿಗಾದರೋ ಅದೇ ಮೊದಲ ಸ್ವಂತ ಆಸ್ತಿ. ಮನೆಯ ಒಡವೆ ಅಡವಿಟ್ಟು, ಫೈನಾನ್ಸಿನವರ ದುಬಾರಿ ಬಡ್ಡಿಗೆ ತಲೆಯೊಡ್ಡಿ ಅವನು ಅದನ್ನು ಕೊಳ್ಳುತ್ತಾನೆ. ಗಿರಣಿಯ ಕೆಲಸಗಾರನಿಗೆ ಪ್ರಾವಿಡೆಂಟ್ ಫಂಡ್ ಇದ್ದಂತೆ ಅವನಿಗೆ ಈ ಲಾರಿ. ನಾಳೆ ಮಾರಿದರೆ ಎಷ್ಟು ಬಂದೀತು ಎಂಬುದು ಅವನ ಮುಪ್ಪಿನ ಕಾಲದ ಪ್ರಶ್ನೆ.

ಗಾಡಿ ಓಡಿದಂತೆ ಬೆಲೆ ಇಳಿಯುವುದು ಸಹಜ. ಅದಕ್ಕೆ ಯಾರೂ ದೂರುವುದಿಲ್ಲ. ಆದರೆ ಈಗ ಎಂಜಿನ್ನಿಗಿಂತ ಮೊದಲು ಸವೆಯುತ್ತಿರುವುದು ಕಾಗದಪತ್ರ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಎರಡು ಆಕ್ಸಲಿನ ಲಾರಿಗೆ 12 ವರ್ಷ, ಅದಕ್ಕಿಂತ ಹೆಚ್ಚು ಆಕ್ಸಲಿನದಕ್ಕೆ 15 ವರ್ಷ ಮೀರಿದರೆ ರಾಷ್ಟ್ರೀಯ ಪರ್ಮಿಟ್ ಇಲ್ಲ. ಮುಂಬಯಿ, ಮದರಾಸು ಕಂಡ ಗಾಡಿ ಅಂದಿನಿಂದ ಜಲ್ಲಿ, ಇಟ್ಟಿಗೆ, ಮಂಡಿಯ ಮೂಟೆ ಹೊರಬೇಕು. ಎಂಟು ವರ್ಷ ಕಳೆದ ಮೇಲೆ ಎಫ್.ಸಿ. ವರ್ಷವರ್ಷವೂ ಆಗಬೇಕು. 2022ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಭಾರೀ ಲಾರಿಯ ಎಫ್.ಸಿ.ಗೆ 12,500 ರೂಪಾಯಿ, ತಡವಾದರೆ ದಿನಕ್ಕೆ 50 ರೂಪಾಯಿ ಎಂದು ನಿಯಮ ಬಂತು. ಕೊಳ್ಳುವವನು ಇದನ್ನೆಲ್ಲ ಲೆಕ್ಕ ಹಾಕಿಯೇ ಬೆಲೆ ಹೇಳುತ್ತಾನೆ.

ಆದೇಶಗಳಿಂದ ಬೆಲೆ ಏರಿದ್ದೂ ಉಂಟು. 2020ರ ಏಪ್ರಿಲ್‌ನಿಂದ ಬಿ.ಎಸ್. 6 ಗಾಡಿಗಳು ಮಾತ್ರ ಮಾರಾಟವಾಗಬೇಕೆಂದಾಯಿತು. ಹೊಗೆ ಶುದ್ಧಿಯ ಸಲಕರಣೆಗಳಿಂದ ಹೊಸ ಲಾರಿ ದುಬಾರಿಯಾಯಿತು. ರಸ್ತೆಬದಿಯ ಮೇಸ್ತ್ರಿಯ ಕೈಗೆ ಅದರ ರಿಪೇರಿ ಸುಲಭವಲ್ಲ. ಆಗ ಬಿ.ಎಸ್. 4 ಗಾಡಿಗೆ ಗಿರಾಕಿ ಹೆಚ್ಚಿತು. ಮುಂದೆ 2025ರ ಸೆಪ್ಟೆಂಬರ್ 22ರಿಂದ ಹೊಸ ಲಾರಿಯ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಜಗ್ಗುವುದು ಪೇಟೆಯ ನ್ಯಾಯ. ಏರಿದಾಗ ಹಳೆಯ ಗಾಡಿ ಕೊಂಡವನೂ ಸಣ್ಣ ಮಾಲಿಕ, ಇಳಿದಾಗ ಮಾರುವವನೂ ಅವನೇ. ಎರಡು ಸಲವೂ ಪೆಟ್ಟು ಅವನಿಗೆ.

ಇನ್ನು ಗುಜರಿ ನೀತಿ. 2021ರ ಆಗಸ್ಟ್ 13ರಂದು ಇದನ್ನು ಬಹಳ ಸಡಗರದಿಂದ ಸಾರಲಾಯಿತು. ಅದರಂತೆ ಗುಜರಿಯ ಬೆಲೆ ಹೊಸ ಗಾಡಿಯ ಬೆಲೆಯ ಶೇಕಡಾ 4ರಿಂದ 6. ಹೊಸ ಲಾರಿ 30 ಲಕ್ಷ ಎಂದಿಟ್ಟುಕೊಳ್ಳೋಣ. ಹಳೆಯದಕ್ಕೆ ಕೈಗೆ ಬರುವುದು 1,20,000ದಿಂದ 1,80,000. ಉಳಿದ ಸವಲತ್ತುಗಳೋ? ತಯಾರಕರು ಶೇಕಡಾ 5 ರಿಯಾಯಿತಿ ಕೊಡಲೆಂದು ಸಲಹೆ, ರಸ್ತೆ ತೆರಿಗೆಯಲ್ಲಿ ಶೇಕಡಾ 15ರವರೆಗೆ ವಿನಾಯಿತಿ, ನೋಂದಣಿ ಶುಲ್ಕದ ಮಾಫಿ. ಮೂರೂ ಹೊಸ ಗಾಡಿ ಕೊಳ್ಳಬಲ್ಲವನಿಗೆ! ಕೊಳ್ಳಲಾರದವನು ಠೇವಣಿ ಪತ್ರವನ್ನು ಉಳ್ಳವನಿಗೆ ಮಾರಿಕೊಳ್ಳಬಹುದಂತೆ. ಸರಕಾರಿ ವಾಹನಗಳನ್ನು ಗುಜರಿಗೆ ಹಾಕಲು ರಾಜ್ಯಗಳಿಗೆ ಕೇಂದ್ರದ ಬೊಕ್ಕಸದಿಂದ ನೆರವು ದೊರೆಯಿತು. ಒಂದೇ ಲಾರಿಯ ಮಾಲಿಕನಿಗೆ ದೊರೆತದ್ದು ಕಾಗದ.

ಹೊಗೆಯುಗುಳುವ ಗಾಡಿಗಳು ಓಡಲೇಬೇಕೆಂದು ನಾವು ವಾದಿಸುವುದಿಲ್ಲ. ಆ ಹೊಗೆಯನ್ನು ಮೊದಲು ಕುಡಿಯುವವರು ಚಾಲಕ, ಕ್ಲೀನರ್ ಮತ್ತು ಹಮಾಲಿಗಳೇ. ಬ್ರೇಕು ಹಿಡಿಯದ ಲಾರಿ ರಸ್ತೆಗೆ ಬರಬಾರದು. ಆದರೆ ಶುದ್ಧ ಗಾಳಿ ಇಡೀ ಸಮಾಜದ ಲಾಭವಾದರೆ ಅದರ ಖರ್ಚನ್ನು ಒಬ್ಬ ಬಡ ಮಾಲಿಕನ ತಲೆಗೆ ಕಟ್ಟುವುದು ಯಾವ ನ್ಯಾಯ?

ಸಣ್ಣ ವರ್ತಕರು ಇದು ತಮಗೆ ಸಂಬಂಧಿಸದ ವಿಷಯವೆಂದು ಭಾವಿಸಬಾರದು. ನಿಮ್ಮ ಹತ್ತು ಮೂಟೆ ಜೋಳಕ್ಕೂ ನಾಲ್ಕು ಬೇಲು ಹತ್ತಿಗೂ ಕರೆದ ಕೂಡಲೇ ಬರುವುದು ಈ ಹಳೆಯ ಲಾರಿ. ಅದರ ಮಾಲಿಕ ಕಣ್ಮರೆಯಾದರೆ ಬಾಡಿಗೆಯ ದರ ಗೊತ್ತುಮಾಡುವವರು ನಾಲ್ಕು ದೊಡ್ಡ ಕಂಪನಿಗಳು.

ಆದ್ದರಿಂದ ನಮ್ಮ ಒತ್ತಾಯವಿಷ್ಟೆ. ಒಂದೇ ಲಾರಿಯ ಮಾಲಿಕ ಗಾಡಿಯನ್ನು ಗುಜರಿಗೆ ಒಪ್ಪಿಸಿದರೆ ಪೇಟೆಯ ಬೆಲೆಗೆ ಸಮೀಪದ ಹಣ ನಗದಾಗಿ ಸಿಗಬೇಕು. ಬೇರೆ ಗಾಡಿ ಕೊಳ್ಳಲು ಸರಕಾರಿ ಮತ್ತು ಸಹಕಾರಿ ಬ್ಯಾಂಕುಗಳು ಕಡಿಮೆ ಬಡ್ಡಿಯ ಸಾಲ ಕೊಡಬೇಕು. ಎಫ್.ಸಿ. ಶುಲ್ಕ ಪರೀಕ್ಷೆಯ ಖರ್ಚಿಗೆ ತಕ್ಕಷ್ಟಿರಬೇಕು, ಗಾಡಿಯ ವಯಸ್ಸಿಗೆ ಹಾಕಿದ ದಂಡವಾಗಬಾರದು. ಲಾರಿ ಮುದಿಯಾಯಿತೆಂದು ತೀರ್ಮಾನಿಸುವ ಸರಕಾರ, ಅದನ್ನು ನಂಬಿ ಮುದಿಯಾದವನ ಪಾಡನ್ನೂ ಜೊತೆಯಲ್ಲೇ ತೀರ್ಮಾನಿಸಲಿ.