ಹೊಸ ಮನೆಗೆ ಹಳೆಯ ತುರಿಮಣೆಯೂ ಬರಲಿ

ಮುಂಬಯಿ ಮಹಾನಗರದ ಹಳೆಯ ಚಾಳುಗಳು ಒಂದೊಂದಾಗಿ ನೆಲಸಮವಾಗಿ, ಆ ಜಾಗದಲ್ಲಿ ಗಗನಚುಂಬಿ ಕಟ್ಟಡಗಳು ಏಳುತ್ತಿವೆ. ವರ್ಲಿಯ ಬಿ.ಡಿ.ಡಿ. ಚಾಳಿನ 160 ಚದರಡಿಯ ಕೋಣೆಯಲ್ಲಿ ಬಾಳಿದವರಿಗೆ 500 ಚದರಡಿಯ ಮನೆ ನೀಡುವ ಯೋಜನೆಯ ಮೊದಲ ಹಂತದ ಕೀಲಿಕೈ ಹಸ್ತಾಂತರ 2025ರ ಆಗಸ್ಟ್‌ನಲ್ಲಿ ನಡೆಯಿತು. ದಾದರ್, ಪರೇಲ್‌ನಿಂದ ಹಿಡಿದು ಮುಲುಂಡ್, ಡೊಂಬಿವಲಿಯವರೆಗೆ ತುಳು-ಕನ್ನಡಿಗರ ಅನೇಕ ಕುಟುಂಬಗಳೂ ಹೀಗೆ ಮನೆ ಬದಲಿಸುತ್ತಿವೆ. ಇದು ಸಂತಸದ ವಿಷಯವೇ. ಆದರೆ ಸಾಮಾನು ಕಟ್ಟುವ ದಿನ ಮನೆಮನೆಯಲ್ಲೂ ಏಳುವ ಪ್ರಶ್ನೆಯೊಂದಿದೆ: ಹಳೆಯ ವಸ್ತುಗಳನ್ನು ಏನು ಮಾಡುವುದು? ‘ಭಂಗಾರಿನವನಿಗೆ ಕೊಟ್ಟುಬಿಡಿ’ ಎಂಬುದೇ ಹೆಚ್ಚಿನವರ ಉತ್ತರ.

ಹಾಗೆ ಹೋಗುವ ವಸ್ತುಗಳ ಪೈಕಿ ಅಜ್ಜನ ಕಬ್ಬಿಣದ ಟ್ರಂಕು, ಸಾಗುವಾನಿಯ ಮಂಚ, ಕಾಯಿ ತುರಿಯುವ ಮಣೆ, ಶ್ಯಾವಿಗೆ ಒತ್ತುವ ಮಣೆ, ರುಬ್ಬುವ ಕಲ್ಲುಗಳಿರುತ್ತವೆ. 1998ರಲ್ಲಿ ಕೊಂಕಣ ರೈಲು ಪೂರ್ಣ ಪ್ರಮಾಣದಲ್ಲಿ ಓಡುವ ಮೊದಲು ಕರಾವಳಿಯವರು ಇಂಥ ಸಾಮಾನುಗಳನ್ನು ಬಸ್ಸಿನ ಮೇಲೆ ಕಟ್ಟಿ ತಂದದ್ದೂ ಉಂಟು. ಊರಿಗೆ ಮರಳುವವರು ಮಂಚ, ಸ್ಟೂಲು, ಸ್ಟೋವುಗಳನ್ನು ಹೊಸದಾಗಿ ಸಂಸಾರ ಹೂಡುವವರಿಗೆ ಬಿಟ್ಟುಹೋಗುವ ರೂಢಿಯಿತ್ತು. ಇನ್ನೊಬ್ಬರು ಬಳಸಿದ್ದನ್ನು ಬಳಸಲು ಆಗ ಯಾರೂ ನಾಚುತ್ತಿರಲಿಲ್ಲ. ಇಂದು ಕಂತಿನಲ್ಲಿ ಕೊಂಡ ಹೊಸ ಮಂಚವೇ ಪ್ರತಿಷ್ಠೆಯ ಗುರುತಾಗಿದೆ. ಮರದ ಪುಡಿ ಒತ್ತಿ ಮಾಡಿದ ಹಲಗೆಯ ಕಪಾಟು ಮಳೆಗಾಲದಲ್ಲಿ ನೀರು ತಾಗಿದರೆ ಉಬ್ಬಿ ಹಾಳಾಗುತ್ತದೆ. ಸಾಗುವಾನಿಯ ಮಂಚ ಒಂದು ಕೈ ಪಾಲಿಶ್ ಕಂಡರೆ ಮೊಮ್ಮಗನ ಕಾಲಕ್ಕೂ ಬಾಳುತ್ತದೆ. ಇದು ಹಣದ ಲೆಕ್ಕ.

ಹಣದ ಲೆಕ್ಕಕ್ಕಿಂತ ದೊಡ್ಡ ನಷ್ಟ ಮಾತಿನದ್ದು. ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂಬ ಕೊರಗು ಪ್ರತಿಯೊಂದು ಸಂಘದ ವಾರ್ಷಿಕ ಸಭೆಯಲ್ಲೂ ಕೇಳಿಬರುತ್ತದೆ. ಭಾನುವಾರದ ಕನ್ನಡ ತರಗತಿಗಳನ್ನು ಅನೇಕ ಸಂಘಗಳು ಶ್ರದ್ಧೆಯಿಂದ ನಡೆಸುತ್ತಿವೆ, ಅದು ಶ್ಲಾಘನೀಯ. ಆದರೆ ಅಕ್ಷರ ಕಲಿತ ಮಗುವಿಗೆ ಮನೆಯಲ್ಲಿ ಆ ಭಾಷೆಯಿಂದ ಆಗಬೇಕಾದ ಕೆಲಸವೇ ಇಲ್ಲದಿದ್ದರೆ ಕಲಿತದ್ದು ನಿಲ್ಲುವುದಾದರೂ ಹೇಗೆ? ಅಡುಗೆಮನೆಯಲ್ಲಿ ಅಂಥ ಕೆಲಸವಿದೆ. ಹಿಟ್ಟು ಕಲಸುತ್ತಾರೆ, ಬೇಳೆ ಕಡೆಯುತ್ತಾರೆ, ಮಸಾಲೆ ಅರೆಯುತ್ತಾರೆ, ಪಲ್ಯ ಮಗುಚುತ್ತಾರೆ. ಈ ಕೆಲಸಗಳಲ್ಲಿ ಪಾಲಿಲ್ಲದ ಮಗುವಿಗೆ ಎಲ್ಲವೂ ಒಂದೇ, ‘ಮಿಕ್ಸ್ ಮಾಡು’. ಚಿಟಿಕೆ, ಹಿಡಿ, ಬೊಗಸೆ, ಪಾವು, ಸೇರು ಎಂಬ ಅಳತೆಗಳನ್ನು ಪುಸ್ತಕದಿಂದ ಬಾಯಿಪಾಠ ಮಾಡಿಸಿದರೆ ಮರುದಿನವೇ ಮರೆಯುತ್ತದೆ. ಅಕ್ಕಿ ಅಳೆದ ಕೈ ಮರೆಯುವುದಿಲ್ಲ. ಮನೆಮಾತು ತುಳುವಿರಲಿ, ಕೊಂಕಣಿಯಿರಲಿ, ಕುಂದಾಪುರದ ಕನ್ನಡವಿರಲಿ, ಈ ಮಾತು ಎಲ್ಲಕ್ಕೂ ಅನ್ವಯಿಸುತ್ತದೆ. ವಿಜಯಪುರ, ಕಲಬುರಗಿ ಕಡೆಯವರ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತ ಮಗು ‘ಹದ’ ಎಂದರೇನೆಂದು ತಾನಾಗಿ ಕಲಿಯುತ್ತದೆ.

ಶ್ಯಾವಿಗೆ ಒತ್ತುವ ಮಣೆಯನ್ನೇ ನೋಡಿ. ಅದು ಒಬ್ಬರ ಕೈಯಲ್ಲಿ ಸುಲಭವಾಗಿ ಸಾಗುವಂಥದ್ದಲ್ಲ. ಬೆಂದ ಹಿಟ್ಟಿನ ಉಂಡೆ ಬಿಸಿ ಇರುವಾಗಲೇ ಒಬ್ಬರು ಮಣೆಯನ್ನು ಗಟ್ಟಿಯಾಗಿ ಹಿಡಿಯಬೇಕು, ಇನ್ನೊಬ್ಬರು ಹಿಡಿಯನ್ನು ತಿರುಗಿಸಬೇಕು, ಕೆಳಗೆ ಬೀಳುವ ಶ್ಯಾವಿಗೆಗೆ ತಟ್ಟೆ ಹಿಡಿಯಲು ಮೂರನೆಯವರು ಬೇಕು. ಆ ಮೂರನೆಯ ಕೆಲಸ ಮಗುವಿನದ್ದು. ಪೇಟೆಯಲ್ಲಿ ಸಿದ್ಧ ಶ್ಯಾವಿಗೆಯ ಪೊಟ್ಟಣ ಸಿಗುತ್ತದೆ ನಿಜ. ಮೂವರನ್ನು ಒಟ್ಟಿಗೆ ಕೂರಿಸುವ ಗುಣ ಆ ಪೊಟ್ಟಣಕ್ಕಿಲ್ಲ.

ಗಂಡು ಮಕ್ಕಳನ್ನು ಅಡುಗೆಮನೆಗೆ ಬಿಡದ ಮನೆಗಳು ಇನ್ನೂ ಇವೆ. ಮುಂಬಯಿ ಕನ್ನಡಿಗರ ಮಟ್ಟಿಗೆ ಇದೊಂದು ವಿಚಿತ್ರ. ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕ್ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಉಪಾಹಾರ ಗೃಹಗಳಿಂದಲೇ ಕರಾವಳಿಯವರು ಈ ನಗರದಲ್ಲಿ ಹೆಸರು ಗಳಿಸಿದರು. ಎಳೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದ ಹುಡುಗರು ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ದೋಸೆ ಹುಯ್ಯುತ್ತಾ ಮೇಲೆ ಬಂದರು. ಅವರ ಮೊಮ್ಮಗ ಕಾವಲಿಯ ಮೇಲೆ ಒಂದು ನೀರುದೋಸೆ ಹುಯ್ಯಲು ತಿಳಿಯದೆ ಮೊಬೈಲ್ ಒತ್ತಿ ಊಟ ತರಿಸುವಂತಾದರೆ ತಪ್ಪು ಮೊಮ್ಮಗನದ್ದಲ್ಲ, ಕಲಿಸದ ಹಿರಿಯರದ್ದು.

ಜಾಗವಿಲ್ಲ, ಸಮಯವಿಲ್ಲ ಎಂಬ ಆಕ್ಷೇಪ ಸಹಜ. ಗಂಡ ಹೆಂಡತಿ ಇಬ್ಬರೂ ಲೋಕಲ್ ರೈಲು ಹಿಡಿದು ದುಡಿಯಲು ಹೋಗುವ ಮನೆಯಲ್ಲಿ ದಿನವೂ ಕಲ್ಲಿನಲ್ಲಿ ರುಬ್ಬಿರೆಂದು ಯಾರೂ ಹೇಳಲಾರರು. ವಾರಕ್ಕೊಂದು ಬೆಳಗ್ಗೆ ಸಾಕು. ಐದಾರು ವರ್ಷದ ಮಗು ಅಕ್ಕಿ ಆರಿಸಲಿ, ತೊಳೆಯಲಿ, ತುರಿದ ಕಾಯಿ ಒಟ್ಟುಮಾಡಲಿ. ತುರಿಮಣೆಯ ಹಲ್ಲು ಮತ್ತು ಒಲೆಯ ಉರಿ ದೊಡ್ಡವರ ಕೈಯಲ್ಲಿರಲಿ. ಎಲ್ಲ ಹಳೆಯ ಸಾಮಾನನ್ನೂ ಹೊಸ ಮನೆಗೆ ತುಂಬಿಸಬೇಕೆಂದೂ ಇಲ್ಲ. ದಿನಬಳಕೆಗೆ ಬರುವ ಒಂದೆರಡನ್ನು ಉಳಿಸಿಕೊಂಡು, ತಿಗಣೆ, ಗೆದ್ದಲು ಇಲ್ಲದ ಗಟ್ಟಿಮುಟ್ಟಾದ ಉಳಿದವುಗಳನ್ನು ಅಗತ್ಯವಿರುವ ಮತ್ತೊಂದು ಮನೆಗೆ ದಾಟಿಸಿದರಾಯಿತು. ಷೋಕೇಸಿನಲ್ಲಿಟ್ಟು ಬೀಗ ಹಾಕಿದ ತುರಿಮಣೆಯಿಂದಲೂ ಪ್ರಯೋಜನವಿಲ್ಲ.

ಇಲ್ಲಿ ಸಂಘ ಸಂಸ್ಥೆಗಳು ಮುಂದೆ ಬರಬಹುದು. ಮನೆ ಬದಲಿಸುವವರ ಹಳೆಯ ಪೀಠೋಪಕರಣ ಮತ್ತು ಬೇಕಾದವರ ಹೆಸರುಗಳನ್ನು ಬರೆದಿಡುವ ಒಂದು ಪುಸ್ತಕ ಸಂಘದ ಕಚೇರಿಯಲ್ಲಿದ್ದರೆ ಹೊಸದಾಗಿ ಊರಿನಿಂದ ಬಂದವರಿಗೆ ದೊಡ್ಡ ಉಪಕಾರವಾದೀತು. ಮಹಿಳಾ ವಿಭಾಗಗಳು ಪ್ರತಿ ವರ್ಷ ನಡೆಸುವ ‘ಆಟಿಡೊಂಜಿ ದಿನ’ದಲ್ಲಿ ಪತ್ರೊಡೆ ಮಾಡಿ ತರುವವರು ಅಮ್ಮಂದಿರು, ತಿಂದು ಹೋಗುವವರು ಮಕ್ಕಳು. ಅದರ ಬದಲು ಅಜ್ಜಿ-ಮೊಮ್ಮಗ, ಅಪ್ಪ-ಮಗಳು ಜತೆಯಾಗಿ ಮಾಡಿದ ತಿಂಡಿಗೆ ಬಹುಮಾನವಿರಲಿ. ಮಾಡಿದ ಬಗೆಯನ್ನು ಮಗುವೇ ಮನೆಮಾತಿನಲ್ಲಿ ವೇದಿಕೆಯಿಂದ ವಿವರಿಸಲಿ. ಇದಕ್ಕೆ ದೊಡ್ಡ ಸಭಾಗೃಹವೂ ಬೇಡ, ಊರಿನಿಂದ ಅತಿಥಿಗಳನ್ನು ಕರೆಸುವ ಖರ್ಚೂ ಇಲ್ಲ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಪದಾಧಿಕಾರಿಗಳು ಈ ಬಗ್ಗೆ ಚರ್ಚಿಸುವುದು ಒಳಿತು.