ಪ್ರಾರ್ಥನೆ ಸಾಲಲಿಲ್ಲವೇ?



ರೋಗಿಗಳ ಮನೆಗೆ ಪರಮಪ್ರಸಾದ ಕೊಂಡೊಯ್ಯುವಾಗ ನಾವು ಪದೇ ಪದೇ ಕೇಳುವ ಮಾತಿದು: “ಫಾದರ್, ಅದೇ ಕಾಯಿಲೆ, ಅದೇ ಕೀಮೋ. ಅವರಿಗೆ ಹಿಡಿಯಿತು, ನಮ್ಮವರಿಗೇಕೆ ಹಿಡಿಯಲಿಲ್ಲ? ನಮ್ಮ ಪ್ರಾರ್ಥನೆ ಸಾಲಲಿಲ್ಲವೇ?” ಹಿಂದೆ ನಾವು “ಇನ್ನೊಂದು ನೊವೇನ ಮಾಡಿ” ಎಂದು ಹೇಳಿ ಎದ್ದು ಬಂದದ್ದುಂಟು. ಈಗ ಹಾಗೆ ಹೇಳುವುದಿಲ್ಲ.

ಗ್ಲಿಯೋಬ್ಲಾಸ್ಟೋಮಾ ಎಂಬುದು ಮೆದುಳಿನ ಉಗ್ರ ಕ್ಯಾನ್ಸರ್. ಅದಕ್ಕೆ ಕೊಡುವ ಟೆಮೊಜೊಲೊಮೈಡ್ ಔಷಧಿ ಕ್ಯಾನ್ಸರ್ ಕೋಶದ ಡಿಎನ್ಎಯನ್ನು ಕೆಡಿಸಿ ಕೋಶವನ್ನು ಕೊಲ್ಲುತ್ತದೆ. ಆದರೆ ಎಂಜಿಎಂಟಿ ಎಂಬ ವಂಶವಾಹಿಯಿಂದ ಹುಟ್ಟುವ ಪ್ರೋಟೀನು ಆ ಹಾನಿಯನ್ನು ಸರಿಪಡಿಸಿಬಿಡುತ್ತದೆ. ಆರೋಗ್ಯವಂತ ಕೋಶವನ್ನು ಕಾಯುವ ಈ ಕಾವಲುಗಾರ ಕ್ಯಾನ್ಸರ್ ಕೋಶವನ್ನೂ ಕಾಯುತ್ತಾನೆ! ಕೆಲವರ ಗೆಡ್ಡೆಯಲ್ಲಿ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ಅಂಟಿಕೊಂಡು ಈ ವಂಶವಾಹಿ ಮೌನವಾಗಿರುತ್ತದೆ. ಅಂಥವರಿಗೆ ಔಷಧಿ ಹೆಚ್ಚು ಫಲಿಸುತ್ತದೆ.

ಮೋನಿಕಾ ಹೆಗಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 206 ರೋಗಿಗಳ ಗೆಡ್ಡೆಗಳನ್ನು ಪರೀಕ್ಷಿಸಲಾಯಿತು. ಶೇ. 45ರಷ್ಟು ಮಂದಿಯಲ್ಲಿ ವಂಶವಾಹಿ ಮೌನವಾಗಿತ್ತು. ರೇಡಿಯೇಶನ್ ಜೊತೆ ಈ ಔಷಧಿ ಪಡೆದವರ ಪೈಕಿ, ಅದು ಮೌನವಾಗಿದ್ದವರಲ್ಲಿ ಶೇ. 46, ಇಲ್ಲದವರಲ್ಲಿ ಸುಮಾರು ಶೇ. 14 ಮಂದಿ ಎರಡು ವರ್ಷದ ನಂತರವೂ ಬದುಕಿದ್ದರು. ಚಿಕಿತ್ಸೆ ಒಂದೇ, ಗೆಡ್ಡೆಯ ಗುಣ ಬೇರೆ. ಅದರಲ್ಲಿ ಯಾರ ವಿಶ್ವಾಸದ ಕೊರತೆಯೂ ಇಲ್ಲ.

ಹುಟ್ಟುಕುರುಡನನ್ನು ಕಂಡು ಪಾಪ ಯಾರದೆಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಲೆಕ್ಕವನ್ನೇ ಒಪ್ಪಲಿಲ್ಲ. ಔಷಧಿ ಫಲಿಸದ ಮನೆಯಲ್ಲಿ ನಾವೂ ಲೆಕ್ಕ ಕೇಳದಿರೋಣ. ಪ್ರಾರ್ಥಿಸೋಣ, ವೈದ್ಯರ ಮಾತು ಕೇಳೋಣ, ರೋಗಿಯ ಕೈಹಿಡಿದು ಸ್ವಲ್ಪ ಹೊತ್ತು ಕೂತಿರೋಣ. ದೇವರು ನಿಮ್ಮನ್ನು ಆಶೀರ್ವದಿಸಲಿ.