ಗುಳೆ ಹೋದವರ ಲೆಕ್ಕ ಯಾವ ಭಾಷೆಯಲ್ಲಿ?

ಗುಳೆ ಹೊರಟವರ ನುಡಿ ಯಾವುದೆಂದು ಮುಕಾದಮ ಕೇಳುವುದಿಲ್ಲ. ಅವನಿಗೆ ಬೇಕಾದದ್ದು ಕಬ್ಬು ಕಡಿಯುವ ಕೈ!

ದೀಪಾವಳಿಯ ಹೊತ್ತಿಗೆ ಕಾಗವಾಡ ತಾಲ್ಲೂಕಿನ ಶೇಡಬಾಳದ ಕಡೆ ಬಂದು ನೋಡಿ. ಕೃಷ್ಣೆಯ ನೀರು ಕುಡಿದ ಕಬ್ಬು ಆಳೆತ್ತರ ಮೀರಿ ನಿಂತಿರುತ್ತದೆ. ಮಗ್ಗುಲಿನ ಉಗಾರದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯಿದೆ. ಬರದ ಬೀಡ್ ಜಿಲ್ಲೆಯಿಂದ ಮರಾಠಿ ಮಾತಾಡುವ ಗ್ಯಾಂಗುಗಳು ಬೆಳಗಾವಿ ಜಿಲ್ಲೆಯ ಗದ್ದೆಗಳಿಗೆ ಇಳಿಯುವ ಕಾಲ ಅದು. ಅದೇ ತಿಂಗಳಲ್ಲಿ ವಿಜಯಪುರದ ತಾಂಡಾಗಳ ನಮ್ಮ ಜನ, ಮನೆಮಾತು ಲಂಬಾಣಿ, ಓದು ಕನ್ನಡ, ಗಡಿ ದಾಟಿ ಸಾಂಗಲಿ, ಕೊಲ್ಹಾಪುರಗಳ ಕಟಾವಿಗೆ ಹೋಗುತ್ತಾರೆ.

ಇಬ್ಬರ ಕೈಯಲ್ಲೂ ಇರುವುದು ಕೊಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿ. ಮುಕಾದಮನ ವಹಿಯಲ್ಲಿ ಅದಕ್ಕೆ ಬೇರೆಯೇ ಅರ್ಥ. ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ'. ಇಬ್ಬರು ಮನುಷ್ಯರು, ಲೆಕ್ಕಕ್ಕೆ ಒಂದು ಕತ್ತಿ! ಹಂಗಾಮಿಗೆ ಮೊದಲೇ 'ಉಚಲ', ಅಂದರೆ ಮುಂಗಡ, ಕೊಟ್ಟು ಜೋಡಿಯನ್ನು ಕಟ್ಟಿಹಾಕುತ್ತಾರೆ. ಹಣ ಬೀಳುವುದು ಗಂಡನ ಕೈಗೆ. ನಸುಕಿಗೆ ಮುಂಚೆ ಕಟಾವು ಶುರು, ಗಾಡಿ ಬಂದರೆ ನಡುರಾತ್ರಿಯಲ್ಲೂ ಹೇರಬೇಕು. ಒಂದು ದಿನ ತಪ್ಪಿದರೆ 'ಖಾಡಾ' ಎಂಬ ದಂಡ. ಬಸುರಿಗೂ ಬಿಡುವಿಲ್ಲ, ಮುಟ್ಟಿನ ನೋವಿಗೂ ಇಲ್ಲ. ಬೀಡ್‌ನಲ್ಲಿ ಕಬ್ಬು ಕಡಿಯುವ ಸಾವಿರಾರು ಹೆಣ್ಣುಮಕ್ಕಳ ಗರ್ಭಕೋಶವನ್ನೇ ತೆಗೆಯಲಾಗಿದೆ ಎಂಬ ಸುದ್ದಿ 2019ರಲ್ಲಿ ಹೊರಬಿದ್ದಾಗ, ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಬೇಕಾಯಿತು. ಉಚಲ ತೀರದಿದ್ದರೆ ಬಾಕಿ ಮುಂದಿನ ವರ್ಷಕ್ಕೆ, ಜೋಡಿಯೂ ಮುಂದಿನ ವರ್ಷಕ್ಕೆ!

1834ರಿಂದ ಬ್ರಿಟಿಷರು ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಹಡಗು ತುಂಬಿ ಕಳಿಸಿದ ಕೂಲಿಗಳಿಗಾದರೂ ಒಂದು ಕಾಗದವಿತ್ತು, ಅವರು ಓದಲಾಗದ ಕಾಗದ. 'ಅಗ್ರಿಮೆಂಟ್' ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು. (ಹುಬ್ಬಳ್ಳಿಯಲ್ಲಿ ನಾವು ತಿನ್ನುವ ಗಿರಮಿಟ್ಟು ಬೇರೆ, ಬಿಡಿ.) 1917ರ ಹೊತ್ತಿಗೆ ಆ ಕೂಲಿ ಭರ್ತಿ ನಿಂತಿತ್ತು. ಮುಕಾದಮನ ಕರಾರು ಇಂದಿಗೂ ಬಹುಪಾಲು ಬಾಯಿಮಾತಿನದು.

ಕಾನೂನು ಇಲ್ಲವೆಂದಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಐವರು ಕೂಲಿಗಳಿದ್ದ ಕಡೆಗೂ ಅನ್ವಯಿಸುತ್ತಿತ್ತು. 2020ರ ಕಾರ್ಮಿಕ ಸಂಹಿತೆ ಆ ಅಂಕಿಯನ್ನು ಹತ್ತಕ್ಕೆ ಏರಿಸಿತು. ಐದು ಜೋಡಿ ಎಂದರೆ ಹತ್ತು ಜನ. ಆದರೆ ವಹಿಯಲ್ಲಿ ಇರುವುದು ಐದೇ ಕೊಯ್ತಾ! ಹೆಂಡತಿಯ ಹೆಸರು ಬರೆಯದಿದ್ದರೆ ಯಾರಿಗೆ ಲಾಭ, ನೀವೇ ಹೇಳಿ.

"ಬಂದವರು ಮರಾಠಿಗರು, ನಮಗೇನು?" ಎಂದು ಗಡಿ ಹೋರಾಟ ಕಂಡ ಗೆಳೆಯರು ಕೇಳಿಯಾರು. 2004ರಲ್ಲಿ ಗೋವಾದ ಬೈನಾದಲ್ಲಿ ಕನ್ನಡ ಕೂಲಿಗಳ ಗುಡಿಸಲು ನೆಲಸಮವಾದಾಗ ನಮ್ಮ ಹೊಟ್ಟೆ ಉರಿಯಲಿಲ್ಲವೆ? ದುಡಿಯಲು ಹೋದವರು ಮನುಷ್ಯರಲ್ಲವೆ ಎಂದು ಅಲ್ಲಿ ಕೇಳುವವರು ಶೇಡಬಾಳದಲ್ಲಿ ಬಾಯಿ ಮುಚ್ಚಿಕೊಳ್ಳಲಾಗದು. ವಿಜಯಪುರದ ಜೋಡಿಗೆ ಸಾಂಗಲಿಯಲ್ಲಿ ಕನ್ನಡದಲ್ಲಿ ಬರೆದ ಲೆಕ್ಕ ಸಿಗಬೇಕು. ಬೀಡ್‌ನ ಜೋಡಿಗೆ ಇಲ್ಲಿ ಮರಾಠಿಯಲ್ಲಿ ಸಿಗಬೇಕು. ಅರ್ಧ ವರ್ಷ ಶಾಲೆ ತಪ್ಪುವ ಎರಡೂ ಕಡೆಯ ಮಕ್ಕಳಿಗೆ ಅವರವರ ನುಡಿಯಲ್ಲಿ ಪಾಠ ಹೇಳುವವರು ಬೇಕು.

ಬೆಂಗಳೂರಿನ, ಹುಬ್ಬಳ್ಳಿಯ ಗೆಳೆಯರೆ, ರಾಜ್ಯೋತ್ಸವದ ತಿಂಗಳೇ ಕಬ್ಬು ನುರಿಸುವ ಹಂಗಾಮು. ಮಿರಜ್ ಕಡೆಯ ರೈಲು ಹತ್ತಿ ಶೇಡಬಾಳದಲ್ಲಿ ಇಳಿಯಿರಿ. ಗುಡಿಸಲುಗಳ ಸಾಲಿಗೆ ಹೋಗಿ ಒಂದೊಂದು ಕೊಯ್ತಾಕ್ಕೂ ಎರಡೆರಡು ಹೆಸರು ಬರೆದುಕೊಳ್ಳಿ. ಆ ಪಟ್ಟಿಯನ್ನು ಬೆಳಗಾವಿಯ ಕಾರ್ಮಿಕ ಇಲಾಖೆಯ ಮೇಜಿನ ಮೇಲೆ ಇಡೋಣ.